ಕೂತೇ ಬಂದ ಕೂಸು

ಎಂಟನೇ ತಿಂಗಳು ಮುಗಿಯುತ್ತಿದ್ದಾಗ ನನ್ನ ಮಗಳು ದೀಕ್ಷಾಳ ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ, "ಮಗು ತಲೆ ಮೇಲೆ ಮಾಡಿ ಕೂತಿದೆ" ಎಂದರು. ಸೀಮಂತ ಮುಗಿಸಿ, ಚೊಚ್ಚಲ ಹೆರಿಗೆಗೆಂದು ಅವಳು ತೊಕ್ಕೊಟ್ಟಿನ ನಮ್ಮ ಮನೆಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಅಳಿಯ ದುಬೈಯಲ್ಲಿ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅವಳು ಹಸಿರು ಬಳೆಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದೆ. ದೇವಿ ಅಮ್ಮನನ್ನು ನಂಬಿದ ನಿಮ್ಮ ಮುಂದೆ ಆ ದಿನಗಳನ್ನು ಹೇಳಿಕೊಳ್ಳುತ್ತಿದ್ದೇನೆ.

ಡಾಕ್ಟರಮ್ಮ ಹೆದರಿಸಲಿಲ್ಲ. "ತಾನೇ ತಿರುಗಬಹುದು. ಇಲ್ಲದಿದ್ರೆ ಹೊರಗಿನಿಂದ ನಾವೇ ಮೆಲ್ಲ ತಿರುಗಿಸಿ ನೋಡ್ತೇವೆ. ಅದೂ ಆಗದಿದ್ರೆ ಆಪರೇಷನ್. ಆದ್ರೆ ಮನೆಯಲ್ಲಿ ಗರ್ಭದ ನೀರು ಹೋದ್ರೆ ಕಾಯ್ಬೇಡಿ, ಹೊಕ್ಕುಳಬಳ್ಳಿ ಮೊದಲು ಜಾರಬಹುದು. ಮಗ್ಗುಲಾಗಿ ಮಲಗಿಸಿ, ಸೊಂಟದಡಿ ದಿಂಬು ಇಡಿ, ಫೋನ್ ಮಾಡಿ ಹೊರಡಿ."

ಮನೆಯಲ್ಲಿ ಬೇರೆಯೇ ಮಾತು. ಕಾಟಿಪಳ್ಳದಿಂದ ಬಂದ ನನ್ನ ಗಂಡನ ಅಕ್ಕ ಕಮಲಕ್ಕ, "ಎಂತ ಆಪರೇಷನ್ ಮಾರಾಯ್ತಿ! ನಮ್ಮಲ್ಲಿ ಹೊಟ್ಟೆಗೆ ಎಣ್ಣೆ ತಿಕ್ಕುವವರು ಉಂಟು. ಎರಡು ಸಲ ತಿಕ್ಕಿದ್ರೆ ಹೊಟ್ಟೆಯೊಳಗಿನ ಬಾಲೆ ಸರ್ರನೆ ತಿರುಗ್ತದೆ" ಎಂದರು.

"ಮಾಮಿ, ಅದು ಬಾಲೆಯಾ, ಮಿಕ್ಸಿಯ ಸ್ವಿಚ್ಚಾ?" ಎಂದಳು ದೀಕ್ಷಾ.

ಕಮಲಕ್ಕನೂ ನಕ್ಕರು. ಆದರೆ ಅವರು ತಂದ ಎಣ್ಣೆಯ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೆ ಉಳಿಯಿತು. ನನ್ನ ಮನಸ್ಸೂ ಅತ್ತಿತ್ತ ಆಡುತ್ತಿತ್ತು. ಫೋನ್ ಮಾಡಿ ಕೇಳಿದರೆ ಡಾಕ್ಟರಮ್ಮ, "ಬೇಡವೇ ಬೇಡ. ನಾವು ತಿರುಗಿಸುವಾಗ ಮಗುವಿನ ಎದೆಬಡಿತ ನೋಡ್ತಾ ಇರ್ತೇವೆ, ಪಕ್ಕದಲ್ಲೇ ಥಿಯೇಟರ್ ಉಂಟು. ಮನೆಯಲ್ಲಿ ಎಂತ ಉಂಟು?" ಎಂದರು. ಬಾಟಲಿಯನ್ನು ಕಪಾಟಿಗೆ ಸೇರಿಸಿದೆ.

ಶುಕ್ರವಾರ ಒಂದು ಚೆಂಡು ಮಲ್ಲಿಗೆ ಹಿಡಿದು ದೀಕ್ಷಾಳೊಂದಿಗೆ ದೇವಿಯ ಗುಡಿಗೆ ಹೋದೆ. ನಮ್ಮಲ್ಲಿ ಕಷ್ಟವನ್ನು ಭಟ್ಟರಿಗೆ ಹೇಳುವುದು, ಅವರು ನಮ್ಮ ಪರವಾಗಿ ಗಟ್ಟಿಯಾಗಿ ಪ್ರಾರ್ಥಿಸುವುದು ವಾಡಿಕೆ. "ಮಗುವಿನ ತಲೆ ಕೆಳಗೆ ತಿರುಗಲಿ ಅಂತ ಹೇಳಿ ಭಟ್ರೇ" ಎಂದೆ. ಅವರು ಗರ್ಭಗುಡಿಯ ಕಡೆ ತಿರುಗಿ, "ಅಮ್ಮಾ, ಎರಡು ಜೀವ ಸುಖದಲ್ಲಿ ಬೇರೆ ಬೇರೆ ಆಗಲಿ. ಅದಕ್ಕೆ ಬೇಕಾದ ಕೈ, ಬೇಕಾದ ಬುದ್ಧಿ ಹೊತ್ತಿಗೆ ಸರಿಯಾಗಿ ಒದಗಲಿ" ಎಂದರು. ನನ್ನ ಮಾತು ಅದರಲ್ಲಿ ಇರಲೇ ಇಲ್ಲ. ಮರೆತರೇನೋ ಎಂದುಕೊಂಡು ಅದನ್ನು ಮನಸ್ಸಿನಲ್ಲೇ ಅಮ್ಮನಿಗೆ ಒಪ್ಪಿಸಿದೆ.

ಒಂಬತ್ತು ತುಂಬುತ್ತಾ ಬಂದರೂ ಮಗು ತಿರುಗಲಿಲ್ಲ. ಆಸ್ಪತ್ರೆಯಲ್ಲಿ ತಿರುಗಿಸಲು ನೋಡಿದಾಗ ಎದೆಬಡಿತ ಸ್ವಲ್ಪ ಇಳಿಯಿತು. ಡಾಕ್ಟರಮ್ಮ ಆ ಕ್ಷಣವೇ ಕೈ ತೆಗೆದರು. ಬಡಿತ ಸರಿಯಾದ ಮೇಲೆ, "ಅಜ್ಜಿಯಾಗುವವರೇ, ನಿಮ್ಮ ಪುಳ್ಳಿಗೆ ಹಠ ಜಾಸ್ತಿ" ಎಂದು ನಗುತ್ತಾ ಸೋಮವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಆ ಸಂಜೆ ದೀಪ ಹಚ್ಚಿದೆ, ಅಮ್ಮನ ಮುಖ ಮಾತ್ರ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ನೀರುದೋಸೆ ತಿನ್ನುತ್ತಿದ್ದ ದೀಕ್ಷಾ "ಅಮ್ಮಾ!" ಎಂದು ಎದ್ದು ನಿಂತಳು. ಕುರ್ಚಿ ಒದ್ದೆ. ಫೋನ್ ಮಾಡಿದೆ, ದಿಂಬು ತಂದೆ, ನನ್ನವರು ಕಾರು ತೆಗೆದರು. ನೇತ್ರಾವತಿ ಸೇತುವೆಯ ಮೇಲೆ ಲಾರಿಗಳ ಸಾಲು ನಿಂತುಬಿಟ್ಟಿತ್ತು. "ಅಮ್ಮ, ಮಗು ಅಲ್ಲಾಡುವುದು ಗೊತ್ತಾಗ್ತಿಲ್ಲ" ಎಂದಳು. ತಲೆ ತಿರುಗಲಿ ಎಂಬುದು ನನ್ನ ನಾಲಿಗೆಗೆ ಬರಲೇ ಇಲ್ಲ. ಬಂದದ್ದು ಭಟ್ಟರ ಮಾತು: ಎರಡು ಜೀವ, ಬೇಕಾದ ಕೈ, ಬೇಕಾದ ಬುದ್ಧಿ. ನಡುನಡುವೆ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆಯೂ ಸೇರಿಕೊಂಡಿತು.

ಆಸ್ಪತ್ರೆಯ ಬಾಗಿಲಲ್ಲೇ ಟ್ರಾಲಿ ಕಾಯುತ್ತಿತ್ತು. ಒಳಗೆ ಡಾಕ್ಟರಮ್ಮ, ಅರಿವಳಿಕೆಯವರು, ಮಕ್ಕಳ ಡಾಕ್ಟರು, ಬೆಚ್ಚಗೆ ಮಾಡಿಟ್ಟ ಪುಟ್ಟ ಮಂಚ. "ಬಳ್ಳಿ ಜಾರಿಲ್ಲ, ಎದೆಬಡಿತ ಚೆನ್ನಾಗುಂಟು. ಆದ್ರೆ ಮಗು ಪೂರ್ತಿ ಕೆಳಗೆ ಬಂದಾಗಿದೆ. ಇನ್ನು ಆಪರೇಷನ್‌ಗಿಂತ ಹೀಗೇ ಹೆರಿಗೆ ಆಗುವುದು ಕ್ಷೇಮ. ನಮಗೆ ಅಭ್ಯಾಸ ಉಂಟು, ಹೆದರ್ಬೇಡಿ" ಎಂದರು ಡಾಕ್ಟರಮ್ಮ. ನನ್ನನ್ನು ಮಗಳ ತಲೆಯ ಬಳಿ ನಿಲ್ಲಲು ಬಿಟ್ಟರು.

ಮೊದಲು ಮಗುವಿನ ಪೃಷ್ಠ, ಆಮೇಲೆ ಬೆನ್ನು ಕಂಡಿತು. ಎಳೆಯುತ್ತಾರೆ ಎಂದುಕೊಂಡೆ. ಡಾಕ್ಟರಮ್ಮ ಕೈಗಳನ್ನು ಹತ್ತಿರವೇ ಹಿಡಿದು, ಮುಟ್ಟದೆ ಕಾದರು. "ಯಾರೂ ಎಳೆಯುವುದು ಬೇಡ. ದೀಕ್ಷಾ, ನೀನೇ ತಳ್ಳು." ಭುಜ ಇಳಿದ ಮೇಲಷ್ಟೇ ಅವರ ಕೈ ಆಡಿತು, ತಲೆ ಬಂತು. ಗಂಡು. ಆದರೆ ಅಳಲಿಲ್ಲ, ಬಟ್ಟೆಯ ಹಾಗೆ ಮೆತ್ತಗಿತ್ತು. ಮಕ್ಕಳ ಡಾಕ್ಟರು ಒರೆಸಿ, ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಮೆಲ್ಲ ಮೆಲ್ಲ ಗಾಳಿ ಕೊಟ್ಟರು. ಕೋಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ, ಯಾರೂ ಕೂಗಾಡಲಿಲ್ಲ. ಆಮೇಲೆ ಕೂಸು ಕೆಮ್ಮಿದ ಹಾಗೆ ಮಾಡಿ, ಅತ್ತಿತು. ದೀಕ್ಷಾಳೂ ಅತ್ತಳು.

"ಕೂತ್ಕೊಂಡೇ ಬಂದನಲ್ಲ, ಅರಸು!" ಎಂದರು ಕಮಲಕ್ಕ ವಾರ್ಡಿನಲ್ಲಿ. ಕೂಸಿನ ಎರಡು ಕಾಲೂ ಹೊಟ್ಟೆಯಲ್ಲಿದ್ದ ಹಾಗೆಯೇ ಕಿವಿಯ ಹತ್ತಿರ ಮಡಚಿಕೊಂಡಿದ್ದವು. ಹೀಗೆ ಬಂದ ಮಕ್ಕಳಿಗೆ ಸೊಂಟದ ಕೀಲು ನೋಡಿಸಬೇಕೆಂದು ಮಕ್ಕಳ ಡಾಕ್ಟರು ಹೇಳಿದ್ದರು, ನೋಡಿಸಿದೆವು, ಸರಿಯಾಗಿದೆ.

ಹೆರಿಗೆಯ ಸೂತಕ ಕಳೆದು ಗುಡಿಗೆ ಹೋದಾಗ ಭಟ್ಟರನ್ನು ಕೇಳಿಯೇಬಿಟ್ಟೆ: "ಆ ದಿನ ನಾನು ಹೇಳಿದ್ದನ್ನು ನೀವು ಹೇಳಲಿಲ್ಲ ಅಲ್ವಾ?"

"ಯಾವ ದಾರಿಯಲ್ಲಿ ಕರ್ಕೊಂಡು ಬರಬೇಕು ಅಂತ ಅಮ್ಮನಿಗೆ ನಾವು ಹೇಳಿ ಕೊಡುವುದಾ?" ಎಂದು ಅವರು ಮಗುವಿನ ಹಣೆಗೆ ಕುಂಕುಮ ಇಟ್ಟರು.

ಈಗಲೂ ನಾನು ಬೇಡುತ್ತೇನೆ, ಆದರೆ ದಾರಿ ಹೇಳುವುದಿಲ್ಲ. ಕಾಯಲು ಗೊತ್ತಿದ್ದ ಆ ಕೈಗಳಲ್ಲಿ ಅಮ್ಮನನ್ನು ನಾನು ಕಣ್ಣಾರೆ ಕಂಡೆ. ಈ ಸಾಲು ಬರೆಯುವಾಗ ಮೊಮ್ಮಗ ಪಕ್ಕದಲ್ಲಿ ಮಲಗಿದ್ದಾನೆ, ಒಂದು ಕಾಲು ಇನ್ನೂ ಕಿವಿಯ ಹತ್ತಿರ. ಇಳಿಸಿದರೆ ಮತ್ತೆ ಎತ್ತುತ್ತಾನೆ. ಇರಲಿ ಎಂದು ಬಿಟ್ಟಿದ್ದೇನೆ.