ಲ್ಯಾನ್ಸಿ ಅಂಕಲ್ ನೆಟ್ಟ ಗಿಡಗಳು

೨೦೧೪ರಲ್ಲಿ ನಾನು ನಾರ್ತ್ ಮೆಲ್ಬರ್ನಿನ ಒಂದು ಪರಿಸರ ಕನ್ಸಲ್ಟೆನ್ಸಿಯಲ್ಲಿ ಇಕಾಲಜಿಸ್ಟ್ ಆಗಿದ್ದೆ. ಮೆಲ್ಬರ್ನ್ ಸುತ್ತ ಅಳಿದುಳಿದ ಹುಲ್ಲುಗಾವಲಿನ ಮಾಲೀಕರಿಂದ ಸ್ವಯಂಪ್ರೇರಿತ ಸಂರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ವಯಂಪ್ರೇರಿತ ಎಂದರೆ, ಮಾಲೀಕರಿಗೆ ಮನಸ್ಸಿದ್ದರೆ ಪಾಲಿಸುತ್ತಾರೆ. ಇಲ್ಲದಿದ್ದರೆ ನಾವು ಕೈ ಹಿಸುಕಿಕೊಳ್ಳಬೇಕು.

ನಗರದ ಉತ್ತರಕ್ಕಿರುವ ಕ್ರೇಗಿಬರ್ನ್ ಅಂಚಿನಲ್ಲಿ ಹನ್ನೆರಡು ಎಕರೆ ಇದ್ದವರು ಲ್ಯಾನ್ಸಿ ಅಂಕಲ್. ಮಂಗಳೂರಿನ ಕಡೆಯವರು, ನಿವೃತ್ತ ನರ್ಸ್. ಪತ್ನಿ ತೀರಿಕೊಂಡು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಅವರ ನೆಲದಲ್ಲಿ ಸ್ಟ್ರೈಪ್ಡ್ ಲೆಗ್‌ಲೆಸ್ ಲಿಜರ್ಡ್ ಎಂಬ ಕಾಲಿಲ್ಲದ ಹಲ್ಲಿ ಉಳಿದಿತ್ತು. ಸುತ್ತಲಿನ ಬಯಲೆಲ್ಲ ಆಗಲೇ ಮನೆಗಳಾಗಿದ್ದವು. ಇದನ್ನು ಎಣಿಸುವ ವಿಧಾನ ಸರಳ. ಹುಲ್ಲಿನ ನಡುವೆ ಮನೆ ಹೆಂಚುಗಳನ್ನು ಸಾಲಾಗಿಟ್ಟು ತಿಂಗಳುಗಟ್ಟಲೆ ಬಿಡುತ್ತೇವೆ; ಬಿಸಿಲಿಗೆ ಕಾದ ಹೆಂಚಿನಡಿ ಹಲ್ಲಿ ಬಂದು ಮಲಗುತ್ತದೆ. ನಾನಿಟ್ಟ ಐವತ್ತು ಹೆಂಚಿನಡಿ ಮೊದಲ ವಸಂತದಲ್ಲಿ ಏಳು ಸಿಕ್ಕವು.

"ಹೆಂಚು ನಮ್ಮ ಊರಿನದ್ದಾಗಿದ್ರೆ ಎಪ್ಪತ್ತು ಬರ್ತಿತ್ತು ಮಾರಾಯ್ತಿ," ಎಂದು ನಕ್ಕರು ಅಂಕಲ್. ಒಪ್ಪಂದವನ್ನು ಓದದೆಯೇ ಸಹಿ ಹಾಕಿದರು. ಉಳಬಾರದು, ಗೊಬ್ಬರ ಹಾಕಬಾರದು, ಮನೆ ಕಟ್ಟಬಾರದು ಎಂದೆಲ್ಲ ಅದರಲ್ಲಿ ಬರೆದಿದ್ದೆ.

ಮರುವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ವಸಂತದ ಎಣಿಕೆಗೆಂದು ಹೋಗಿ ಗೇಟು ತೆಗೆದೆ. ಹುಲ್ಲುಗಾವಲಿನ ತುಂಬ ಮುನ್ನೂರು ಸಸಿ! ಹಲ್ಲಿಗಳು ಅಡಗುತ್ತಿದ್ದ ಕಲ್ಲುಗಳನ್ನೆಲ್ಲ ಕಿತ್ತು ಬೇಲಿ ಪಕ್ಕ ಓರಣವಾಗಿ ಪೇರಿಸಿದ್ದರು. ಪತ್ನಿಯ ವರ್ಷದ ದಿನ ಚರ್ಚಿನವರು, ಕನ್ನಡದವರು ಎಲ್ಲ ಸೇರಿ ನೆಟ್ಟಿದ್ದಂತೆ. ನನ್ನ ಹೆಂಚುಗಳನ್ನು ಮಾತ್ರ ಎತ್ತಿ, ಜೋಪಾನವಾಗಿ ಮತ್ತೆ ಅದೇ ಜಾಗದಲ್ಲಿಟ್ಟಿದ್ದರು. ಐವತ್ತನ್ನೂ ಎತ್ತಿ ನೋಡಿದೆ. ಒಂದರಡಿಯೂ ಏನೂ ಇರಲಿಲ್ಲ.

"ಎಷ್ಟು ಸಿಕ್ತು?" ಎಂದರು, ಹುರುಪಿನಿಂದ.

ಮಣ್ಣಿನ ಬಿರುಕು, ಕಲ್ಲಿನ ಸಂದು ಇವೇ ಹಲ್ಲಿಯ ಮನೆ, ಮರ ಬೆಳೆದರೆ ನೆರಳಿಗೆ ಹುಲ್ಲು ಸಾಯುತ್ತದೆ ಎಂದು ವಿವರಿಸಿದೆ. ಅವರ ಮುಖ ಕಪ್ಪಿಟ್ಟಿತು. "ನೆಲ ಕಾಪಾಡಿ ಅಂದದ್ದು ನೀವೇ ಅಲ್ವಾ? ಒಳ್ಳೆದಾಗ್ಲಿ ಅಂತ ಮಾಡಿದ್ದು."

ನನಗೆ ಅವರ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಧಾರವಾಡದ ಶಾಲೆಯಲ್ಲಿ ಪ್ರತಿ ವರ್ಷ ವನಮಹೋತ್ಸವಕ್ಕೆ ಗುಂಡಿ ತೋಡಿದವಳು ನಾನು. ನೆಲ ಉಳಿಸಿ ಎಂದರೆ ನಮ್ಮವರು ಮೊದಲು ಸಸಿ ತರುತ್ತಾರೆಂದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು? ಗಿಡ ನೆಡಬಾರದೆಂಬ ಒಂದು ಸಾಲನ್ನು ನಾನು ಬರೆದಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ.

ಅಂಕಲ್ ತಾವೇ ಕೀಳತೊಡಗಿದರು. ಸಂಜೆಯ ಹೊತ್ತಿಗೆ ಕೊನೆಯದರ ಮುಂದೆ ನಿಂತು ಕೇಳಿದರು: "ಇದು ನಾನೇ ಅವಳ ಹೆಸರಲ್ಲಿ ನೆಟ್ಟದ್ದು. ಒಂದು ಇರ್ಲಾ?"

"ಬ್ಯಾಡ್ರಿ ಅಂಕಲ್. ಒಂದ ಬಿಟ್ರೂ, ಬೆಳೆದ ಮ್ಯಾಲ ಹದ್ದು ಬಂದು ಕೂಡ್ತದ. ಹಲ್ಲಿ ಉಳಿಯೂದಿಲ್ಲ."

ಅಂಕಲ್ ಬಗ್ಗಿ ಅದನ್ನೂ ಕಿತ್ತರು.

ಕಲ್ಲುಗಳನ್ನು ಮರಳಿಟ್ಟೆವು. ಕೆದಕಿದ ಮಣ್ಣಿನಲ್ಲಿ ಕಳೆ ಎದ್ದಿತು. ೨೦೧೮ರವರೆಗೂ ಪ್ರತಿ ವಸಂತದಲ್ಲಿ ಐವತ್ತು ಹೆಂಚು ಎತ್ತಿದೆ. ಅಂಕಲ್ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದರು. ಒಂದು ಹಲ್ಲಿಯೂ ಮರಳಲಿಲ್ಲ.

ಅಂದಿನಿಂದ, ಸಹಿಗೆ ಮುನ್ನ ಮಾಲೀಕರನ್ನು ಕೇಳುತ್ತೇನೆ: ಈ ನೆಲಕ್ಕೆ ಒಳ್ಳೆಯದು ಮಾಡಬೇಕೆಂದರೆ ನೀವೇನು ಮಾಡುತ್ತೀರಿ? ಅಪಾಯವಿರುವುದು ಆ ಉತ್ತರದಲ್ಲೇ. ವೃತ್ತಿ ಕಲಿಸಿದ ಪಾಠ ಇದು. ಆದರೆ ಆ ಸಂಜೆ ಹಲ್ಲಿಗಳು ಆಗಲೇ ಹೋಗಿಬಿಟ್ಟಿದ್ದವು. ಆ ಒಂದು ಗಿಡಕ್ಕೆ ನಾನು ಹೂಂ ಅನ್ನಬಹುದಿತ್ತು.