ನೆನೆಸದೆ ಕಟ್ಟಿದ ಕಾಲುಪಟ್ಟಿ

ಆ ದಿನ ಬೆಳಗ್ಗೆ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ನಳ ಬಂದಿತ್ತು; ಮೂರು ಕೊಡ, ಎರಡು ಬಕೆಟ್ಟು ತುಂಬಿಸಿಕೊಂಡೆ. ಹಿಂದಿನ ದಿನ ನೆನೆಹಾಕಿದ್ದ ಹುರುಳಿಯನ್ನು ಬೇಯಲು ಇಟ್ಟೆ. ರೊಟ್ಟಿ ಬಡಿದೆ. ಕೊಡಬೇಕಾಗಿದ್ದ ಎರಡು ಜಂಪರಿಗೆ ಹುಕ್ಕು ಹಚ್ಚಿದೆ. ಹಗ್ಗದ ಮೇಲೆ ಒಣಗಿದ್ದ ನಾಲ್ಕು ಕಾಲುಪಟ್ಟಿಗಳನ್ನು ಇಳಿಸಿ, ಸುಕ್ಕು ಬಿಡಿಸಿ, ಲಾಡಿ ಒಳಗೆ ಬರುವಂತೆ ಸುರುಳಿ ಸುತ್ತಿ, ಎರಡನ್ನು ಕುದುರೆಯ ಮುಂಗಾಲಿಗೆ ಕಟ್ಟಿದೆ. ಮನೆಯವರಿಗೆ ಚಹಾ ಕೊಟ್ಟೆ. ಅವರು ಅರ್ಧ ಕುಡಿದು ಇಟ್ಟರು.

ಹತ್ತು ಗಂಟೆಗೆ ಶಹಾಪುರದ ಕಡೆಯಿಂದ ಡಾಕ್ಟರಮ್ಮ ಬರುವವರಿದ್ದರು. ನಮ್ಮ ಬಿಳಿ ಕುದುರೆ ಮತ್ತೆ ಕಾಲೂರಿ ನಿಲ್ಲುವುದೋ ಇಲ್ಲವೋ ಎಂಬುದನ್ನು ಅಂದು ನೋಡಿ ಹೇಳುತ್ತೇನೆ ಎಂದಿದ್ದರು. ಅದಕ್ಕೇ ನಾನು ಒಂದು ಕೆಲಸ ಮುಗಿಯುವುದರೊಳಗೆ ಇನ್ನೊಂದನ್ನು ಹಿಡಿಯುತ್ತಿದ್ದೆ. ಕೈ ಖಾಲಿಯಾದರೆ ಮನಸ್ಸು ಓಡುತ್ತಿತ್ತು.

ನಮ್ಮದು ಸುರಪುರ. ಮನೆಯವರು ಮದುವೆಗಳಿಗೆ ಕುದುರೆ ಒಯ್ಯುವವರು, ನಾನು ಜಂಪರು ಹೊಲಿಯುವವಳು. ಮನೆಯಲ್ಲಿ ನಾವಿಬ್ಬರು, ಮಗ್ಗುಲಿನ ತಗಡಿನ ಚಪ್ಪರದಲ್ಲಿ ಅದು. ನಾನು ಮಷಿನ್ ತುಳಿಯುತ್ತಿದ್ದರೆ ಅದು ಕಿಟಕಿಯ ಸರಳಿಗೆ ಮೂಗು ಹಚ್ಚಿ ನಿಲ್ಲುತ್ತಿತ್ತು. ಹನ್ನೊಂದು ವರ್ಷ ಹಾಗೇ ನಿಂತಿತ್ತು.

ಕುದುರೆಯ ಕಾಲಿಗೆ ಪಟ್ಟಿ ಯಾಕೆ ಎಂದು ಜನ ಕೇಳುತ್ತಾರೆ. ಮೊಣಕಾಲಿನ ಕೆಳಗೆ ಕುದುರೆಗೆ ಮಾಂಸವೇ ಇಲ್ಲ. ಎಲುಬು, ಅದರ ಹಿಂದೆ ಹುರಿಹಗ್ಗದಂಥ ನರ, ಮೇಲೆ ತೊಗಲು, ಅಷ್ಟೆ. ಊರಿಂದೂರಿಗೆ ಟೆಂಪೊದಲ್ಲಿ ನಿಂತು ಹೋಗುವಾಗ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ಬಡಿಯುತ್ತದೆ. ಸಿಮೆಂಟು ರಸ್ತೆಯ ಮೇಲೆ ತಾಸುಗಟ್ಟಲೆ ಕುಣಿದರೆ ಆ ನರ ದಣಿಯುತ್ತದೆ. ಪಟ್ಟಿ ಅದಕ್ಕೆ ಆಸರೆ. ಆದರೆ ಕಟ್ಟಲು ಬಾರದವರು ಕಟ್ಟುವ ಪಟ್ಟಿಗಿಂತ ಬರಿಗಾಲು ಮೇಲು ಎಂದು ಮನೆಯವರು ಮೊದಲಿನಿಂದ ಹೇಳುತ್ತಿದ್ದರು.

ಬಟ್ಟೆ ಆರಿಸುವುದು ನನ್ನ ಕೆಲಸವಾಗಿತ್ತು. ಮೊದಮೊದಲು ಶಹಾಪುರದ ಬಜಾರಿನಲ್ಲಿ ಮಖಮಲ್ ತಂದೆ. ನೋಡಲು ಚೆಂದ, ನಾಲ್ಕು ಹೆಜ್ಜೆಗೆ ಜಾರಿ ಗೊರಸಿನ ಮೇಲೆ ಬೀಳುತ್ತಿತ್ತು. ಔಷಧಿ ಅಂಗಡಿಯ ಜಗ್ಗುವ ಪಟ್ಟಿ ತಂದೆವು. ಅದು ಮನುಷ್ಯರ ಮೊಣಕಾಲಿಗೆ ಮಾಡಿದ್ದು, ಅಗಲ ಸಾಲದು, ಎಳೆದಷ್ಟೂ ಕಚ್ಚುತ್ತದೆ. ಯಾರೋ ಹೈದರಾಬಾದಿನಿಂದ ಚರ್ರೆಂದು ಕೀಳುವ ಅಂಟುಪಟ್ಟಿ ತಂದುಕೊಟ್ಟರು. ಆ ಸದ್ದಿಗೆ ಕುದುರೆ ಬೆದರಿ ನನ್ನ ನೀರಿನ ಕೊಡ ಒದ್ದು ತಗ್ಗು ಮಾಡಿತು. ಕೊನೆಗೆ ಸರಿಹೋದದ್ದು ಮನೆಯವರ ಹಳೆಯ ಧೋತರ. ನೂರಾರು ಸಲ ಒಗೆದು ಮೆತ್ತಗಾದ ಅರಿವೆ, ಬೆವರು ಹೀರುತ್ತಿತ್ತು, ಜಾರುತ್ತಿರಲಿಲ್ಲ. ನಾಲ್ಕು ಬೆರಳಗಲ ಹರಿದು, ಅಂಚು ಮಡಿಸಿ ಹೊಲಿದು, ತುದಿಗೆ ಲಾಡಿ ಇಟ್ಟೆ. ಅದರ ಕೆಳಗೆ ಹಾಸಲು ಅತ್ತೆಯ ಹಳೆಯ ಕೌದಿಯನ್ನು ಕತ್ತರಿಸಿ ನಾಲ್ಕು ಮೆತ್ತೆ ಮಾಡಿದೆ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ ನೋಡಿದ್ದಳು. ನನಗಿಂತ ಹಿರಿಯಳು, ಬಾಯಿ ಜೋರು.

"ಏನ ತಂಗಿ, ಗಂಡನ ಧೋತ್ರ ಹರದು ಕುದ್ರಿಗೆ ಪಾಯಜಾಮಾ ಹೊಲ್ಯಾಕತ್ತೀಯಲ್ಲ! ನಾಳಿ ಅಂವ ಏನ ಉಟಗೋಬೇಕು?"

"ಅವರಿಗೂ ಪಟ್ಟೀನೇ ಸುತ್ತತೀನ್ ಬಿಡಕ್ಕಾ," ಎಂದಿದ್ದೆ.

ಕಟ್ಟುವುದು ಮನೆಯವರ ಕೆಲಸ. ಎಲುಬಿನ ನಡುವೆ ಶುರು ಮಾಡಿ ಕೆಳಗಿಳಿದು, ಮತ್ತೆ ಮೇಲೆ ಬಂದು, ಗಂಟು ಹೊರಮಗ್ಗುಲಿಗೆ. ನರದ ಮೇಲೆ ಗಂಟು ಬರಬಾರದು. ಎಲ್ಲ ಸುತ್ತೂ ಒಂದೇ ಬಿಗಿ ಇರಬೇಕು. ಕಟ್ಟಿದ ಮೇಲೆ ಮೇಲಿನಿಂದ ಒಂದು ಬೆರಳು ಒಳಗೆ ಹಾಕಿ ನೋಡುತ್ತಿದ್ದರು. ಬೆರಳು ಸರಾಗ ಹೋಗದಿದ್ದರೆ ಪೂರಾ ಬಿಚ್ಚಿ ಮತ್ತೆ ಮೊದಲಿನಿಂದ. ಎಷ್ಟೇ ಅವಸರವಿದ್ದರೂ ಅದೊಂದನ್ನು ಬಿಡುತ್ತಿರಲಿಲ್ಲ.

ಗೋಗಿ ಎಂಬ ಊರಿನ ಮದುವೆ ಬಂದದ್ದು ಬೇಸಿಗೆಯಲ್ಲಿ. ಹುಡುಗನ ಪೇಟ ಕೆಂಪು, ಕುದುರೆಯ ಕಾಲಿಗೂ ಅದೇ ಕೆಂಪು ಬೇಕೆಂದು ಅವರ ಕಡೆಯವರು ಫೋನು ಮಾಡಿ ಹೇಳಿದರು. ಮದುವೆಗೆ ಒಂದೇ ದಿನವಿತ್ತು. ನಾನು ಬಜಾರಿನಿಂದ ಕೆಂಪು ಹತ್ತಿ ಬಟ್ಟೆ ತಂದೆ. ಕೋರಾ ಬಟ್ಟೆ, ಇನ್ನೂ ನೀರು ಕಾಣದ್ದು.

ಇಲ್ಲಿ ನನ್ನ ಕಸುಬಿನ ಮಾತೊಂದು ಹೇಳಬೇಕು. ಜಂಪರಿನ ಒಳಬಟ್ಟೆಯನ್ನು ನೆನೆಸಿ ಒಣಗಿಸದೆ ನಾನು ಎಂದೂ ಕತ್ತರಿ ಹಾಕಿದವಳಲ್ಲ. ಕೋರಾ ಹತ್ತಿ ಮೊದಲ ಸಲ ನೀರು ಕುಡಿದರೆ ಗೇಣಿಗೆ ಬೆರಳಷ್ಟು ಕುಗ್ಗುತ್ತದೆ. ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ನಾನು ಹೇಳುವ ಮೊದಲ ಪಾಠವೇ ಅದು. ಆದರೆ ಆ ಕೆಂಪು ನೆನೆಸಿದರೆ ಬಣ್ಣ ಬಿಡುತ್ತಿತ್ತು. ಮಬ್ಬಾದರೆ ಬೀಗರು ಮುಖ ತಿರುಗಿಸುತ್ತಾರೆ ಅನಿಸಿತು. ಇದೇನು ಮೈಗೆ ತೊಡುವ ಜಂಪರೇ, ಒಂದು ಹೊತ್ತಿನ ಪಟ್ಟಿ ತಾನೆ ಎಂದುಕೊಂಡೆ. ನೆನೆಸದೆ ಹರಿದೆ, ನೆನೆಸದೆ ಹೊಲಿದೆ, ಜರಿಯ ಅಂಚು ಹಚ್ಚಿದೆ. ಮನೆಯವರಿಗೆ ಹೇಳಲಿಲ್ಲ. ಹೇಳಬೇಕಾದ ಮಾತು ಎಂದು ಆಗ ಅನಿಸಿಯೂ ಇರಲಿಲ್ಲ.

ಆ ಮದುವೆಗೆ ನಾನೂ ಹೋಗಿದ್ದೆ. ಮನೆಯವರು ಕೌದಿಯ ಮೆತ್ತೆ ಹಾಸಿ, ಮೇಲೆ ಕೆಂಪು ಪಟ್ಟಿ ಸುತ್ತಿ ಕುದುರೆಯನ್ನು ಮಂಟಪದ ಮುಂದೆ ತಂದರು. ಹುಡುಗನ ಅಣ್ಣ ಫೋಟೋದವನನ್ನು ಕರೆದುಕೊಂಡು ಬಂದು ನೋಡಿ ನಕ್ಕ.

"ಏನ್ ಕಾಕಾ, ಕುದ್ರಿ ತಂದೀರೋ ಆನಿ ತಂದೀರೋ? ಕಾಲ್ ನೋಡ್ರಿ, ಕಂಬ ಆಗ್ಯಾವ!"

ಸುತ್ತಲಿದ್ದವರೆಲ್ಲ ನಕ್ಕರು. ಮನೆಯವರೂ ನಕ್ಕರು. ನಕ್ಕು, ಪಟ್ಟಿ ಬಿಚ್ಚಿ, ಮೆತ್ತೆ ತೆಗೆದು ನನ್ನ ಕೈಗೆ ಕೊಟ್ಟು, ಬರೀ ತೊಗಲಿನ ಮೇಲೆ ಪಟ್ಟಿ ಕಟ್ಟಿದರು. ಬೆರಳು ಹಾಕಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ಬೆರಳು ಸರಾಗ ಹೋಯಿತು.

ಹುಡುಗ ಏರುವ ಮುಂಚೆ ಆ ಮನೆಯ ಹೆಣ್ಣುಮಕ್ಕಳು ಕುದುರೆಯ ಕಾಲಿಗೆ ನೀರು ಹಾಕುವ ಪದ್ಧತಿ. ಅಕ್ಕ, ತಂಗಿ, ಅತ್ತಿಗೆ, ಸೋದರತ್ತೆ ಒಬ್ಬೊಬ್ಬರಾಗಿ ತಂಬಿಗೆ ತಂದು ಅರಿಸಿನದ ನೀರು ಸುರಿದರು, ನೆನೆಸಿದ ಕಡಲೆಬೇಳೆ ಬೆಲ್ಲ ತಿನ್ನಿಸಿದರು. ಆ ಬಿಸಿಲಲ್ಲಿ ತಣ್ಣೀರು ಬಿದ್ದರೆ ಅದಕ್ಕೂ ಹಿತವಾಗಿರಬೇಕು, ಕಿವಿ ಸಡಿಲ ಬಿಟ್ಟು ನಿಂತಿತ್ತು. ಪಟ್ಟಿಗಳು ತೊಯ್ದು ತೊಪ್ಪೆಯಾದವು. ಮೆರವಣಿಗೆ ಹೊರಟಿತು. ಡೋಲಿನ ಮುಂದೆ ಹುಡುಗರು ಕುಣಿದರು, ಕುದುರೆ ನಿಂತ ಕಡೆ ನಿಂತಿತು. ಬಿಸಿಲಿಗೆ ಪಟ್ಟಿ ಒಣಗುತ್ತಾ ಬಂತು. ಅಕ್ಷತೆ ಆಯಿತು, ನಮ್ಮನ್ನು ಊಟಕ್ಕೆ ಕೂರಿಸಿದರು. ನಾನು ಮಾದಲಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡೆ. ಇದು ನನಗೆ ಯಾಕೆ ಇಷ್ಟು ನೆನಪಿದೆಯೋ.

ಮನೆಗೆ ಬಂದು ಪಟ್ಟಿ ಬಿಚ್ಚುವಾಗ ನಾಲ್ಕು ಗಂಟೆ. ಮನೆಯವರಿಗೆ ಬೆರಳು ಹಾಕಲಿಕ್ಕೇ ಆಗಲಿಲ್ಲ. ನನ್ನ ಕತ್ತರಿ ಕೇಳಿದರು. ಕತ್ತರಿಸಿ ತೆಗೆದಾಗ ತೊಗಲಿನ ಮೇಲೆ ಬಟ್ಟೆಯ ನೇಯ್ಗೆಯೇ ಮೂಡಿತ್ತು. ಮರುದಿನ ಬೆಳಗ್ಗೆ ಬಲಗಡೆಯ ಮುಂಗಾಲಿನ ಹಿಂದೆ ಬಾಳೆಕಾಯಿ ಇಟ್ಟಂತೆ ಊದಿತ್ತು. ಅದು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು.

ಅಂದೇ ಡಾಕ್ಟರಮ್ಮನನ್ನು ಕರೆಸಿದೆವು. ಚಿಕ್ಕ ವಯಸ್ಸಿನವರು. ಊದಿದ ಕಡೆ ಬೆರಳಾಡಿಸಿ, "ನರ ಜಖಮ್ ಆಗ್ಯಾದ. ಪಟ್ಟಿ ಬಿಗಿ ಆಗಿ ಹಿಂಗ ಆಗ್ತದ್ರಿ. ಯಾರ್ ಕಟ್ಟಿದ್ರಿ?" ಎಂದು ಕೇಳಿದರು.

"ನಾನs ಕಟ್ಟೀನ್ರಿ," ಎಂದರು ಮನೆಯವರು. ಆಮೇಲೆ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು.

ನಾನು ಬಾಗಿಲಲ್ಲಿ ನಿಂತಿದ್ದೆ. ಬಟ್ಟೆ ಕೋರಾ ಇತ್ತು ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಡಾಕ್ಟರಮ್ಮ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಹೇಳಿದರಾಯಿತು ಎಂದುಕೊಂಡೆ. ಕಾಲು ಗುಣವಾದ ದಿನ ನಗುತ್ತಾ ಹೇಳಿದರಾಯಿತು ಎಂದುಕೊಂಡೆ.

ಆವತ್ತಿನಿಂದ ಮನೆಯವರು ಪಟ್ಟಿ ಮುಟ್ಟಲಿಲ್ಲ. "ನನ್ನ ಕೈ ಹದಾ ತಪ್ಯಾದ. ನೀನs ಕಟ್ಟು," ಎಂದರು. ಎರಡು ತಿಂಗಳು ನಾನೇ ಕಟ್ಟಿದೆ. ಬೆಳಗ್ಗೆ ತಣ್ಣೀರು ಬಿಡುವುದು, ಒರೆಸುವುದು, ಮೆತ್ತೆ ಹಾಸುವುದು, ಧೋತರದ ಪಟ್ಟಿ ಸುತ್ತುವುದು. ಸಂಜೆ ಬಿಚ್ಚಿ ಅಂಗೈಯಿಂದ ತಿಕ್ಕಿ ಮತ್ತೆ ಸುತ್ತುವುದು. ಎರಡೂ ಮುಂಗಾಲಿಗೆ ಕಟ್ಟಬೇಕೆಂದು ಡಾಕ್ಟರಮ್ಮ ಹೇಳಿದ್ದರು. "ಭಾರ ಎಲ್ಲಾ ಎಡಗಾಲಿನ ಮ್ಯಾಲೆ ಬೀಳಾಕತ್ತದ್ರಿ ಅಕ್ಕಾರ. ನೋವಿದ್ದ ಕಾಲ ತಡಕೋತದ. ನೋವಿಲ್ಲದ್ದs ಮೊದಲ ಸೋಲ್ತದ. ಅದರ ಗೊರಸು ಬಿಸಿ ಆದ್ರ ಜಲ್ದಿ ಫೋನ್ ಮಾಡ್ರಿ."

ಬಲಗಾಲಿನ ಬಾವು ಇಳಿಯುತ್ತಾ ಬಂದಿತ್ತು. ನನಗೆ ಧೈರ್ಯ ಬಂದಿತ್ತು. ಒಂದು ದಿನ ಎಡಗಾಲಿನ ಗೊರಸು ಮುಟ್ಟಿದರೆ ಹಂಚಿನ ಹಾಗೆ ಬಿಸಿ. ಔಷಧಿ ನಡೆಯಿತು, ನೆಲಕ್ಕೆ ಮರಳು ಹಾಸಿದೆವು. ವಾರದಲ್ಲಿ ಅದು ನಿಲ್ಲುವುದಕ್ಕಿಂತ ಮಲಗುವುದೇ ಹೆಚ್ಚಾಯಿತು. ಮಲಗಿ ಮಲಗಿ ಪಕ್ಕೆಯಲ್ಲಿ ಹುಣ್ಣಾದವು. ಕಿಟಕಿಗೆ ಮೂಗು ಬರಲಿಲ್ಲ.

ಆ ದಿನ ಹತ್ತು ಗಂಟೆಗೆ, ಹೇಳಿದ್ದಂತೆ, ಡಾಕ್ಟರಮ್ಮ ಬಂದವರೇ ಮರಳಿನ ಮೇಲೆ ಕುಳಿತು ನಾನು ಬೆಳಗ್ಗೆ ಸುತ್ತಿದ್ದ ಪಟ್ಟಿಗಳನ್ನು ಬಿಚ್ಚಿದರು. "ಭಾಳ ಛಂದ ಕಟ್ಟೀರಿ," ಎಂದರು. ಎಡಗಾಲು ಎತ್ತಿ ಅಂಗಾಲು ನೋಡಿದರು, ಒತ್ತಿದರು. ಕುದುರೆ ತಲೆಯೆತ್ತಿ ನರಳಿತು. ಅವರು ಕಾಲನ್ನು ಮೆಲ್ಲಗೆ ಕೆಳಗಿಟ್ಟರು.

"ಒಳಗಿನ ಎಲುಬು ಇಳಿದು ಅಂಗಾಲಿಗೆ ಬಂದದ್ರಿ. ಇನ್ನ ಅದು ನಿಲ್ಲೂದಿಲ್ಲ."

"ಇನ್ನೊಂದು ತಿಂಗಳು ನೋಡೂಣ್ರಿ, ಮೇಡಂ," ಎಂದರು ಮನೆಯವರು. "ನಾ ಇಲ್ಲೇ ಮಕ್ಕೋತೀನಿ. ತಾಸಿಗೊಮ್ಮಿ ಮಗ್ಗಲಾ ಹೊರಳಸ್ತೀನಿ."

"ಕಾಕಾ, ನೀವು ನೋಡ್ತೀರಿ. ನೋವು ತಿನ್ನೂದು ಅದು."

ಮನೆಯವರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಹೌದು ಎಂದೋ, ಬೇಡ ಎಂದೋ, ನನಗೇ ಗೊತ್ತಿಲ್ಲ. ಅವರು ಕುದುರೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, "ಆತ್ರಿ," ಎಂದರು.

ನಾನು ಬೆಂದ ಹುರುಳಿ ತಂದು ಅಂಗೈಯಲ್ಲಿ ಹಿಡಿದೆ. ಎರಡು ಬೊಗಸೆ ತಿಂದಿತು. ಮೂರನೆಯದನ್ನು ಮೂಸಿ ಬಿಟ್ಟಿತು. ಡಾಕ್ಟರಮ್ಮ ಕುತ್ತಿಗೆಗೆ ಕೊನೆಯ ಸೂಜಿ ಚುಚ್ಚಿದರು. ಮನೆಯವರು ಅದರ ಕಣ್ಣಿನ ಮೇಲೆ ಅಂಗೈ ಇಟ್ಟು ಮುಚ್ಚಿದರು. ಅದು ಒಮ್ಮೆ ಜೋರಾಗಿ ಉಸಿರು ಬಿಟ್ಟಿತು. ಆಮೇಲೆ ಚಪ್ಪರದಲ್ಲಿ ನಮ್ಮ ಉಸಿರಿನ ಸದ್ದು ಮಾತ್ರ.

ಮೈದುನ ಜೆಸಿಬಿ ಕರೆಸಿ ತನ್ನ ಹೊಲದ ಬದುವಿನಲ್ಲಿ ತಗ್ಗು ತೋಡಿಸಿದ. ಉಪ್ಪು, ಅರಿಸಿನ ಹಾಕಿ ಮಣ್ಣು ಮಾಡಿ ಬರುವಾಗ ಹೊತ್ತು ಇಳಿದಿತ್ತು. ಮನೆಯವರು ಬಚ್ಚಲಲ್ಲಿ ಕೈ ತೊಳೆಯತೊಡಗಿದರು. ಬೇಗ ಮುಗಿಸಲಿಲ್ಲ. ಸಾಬೂನು ಹಚ್ಚುವುದು, ತೊಳೆಯುವುದು, ಮತ್ತೆ ಹಚ್ಚುವುದು.

"ಬೆರಳು ಹೋಗಿತ್ತs ಅವತ್ತು," ಎಂದರು ನನಗೆ ಬೆನ್ನು ಮಾಡಿಯೇ. "ಹೋಗಿತ್ತು ಅಂತ ಅನಸ್ತದ. ಈಗ ಅದೂ ಖಾತ್ರಿ ಇಲ್ಲ. ನಾನs ಕೊಂದೆ ಅದನ್ನ."

ಆಗ ಹೇಳಿದೆ. "ಬೆರಳು ಹೋಗಿತ್ರಿ. ನಾ ನೋಡೀನಿ. ಬಟ್ಟಿ ಕೋರಾ ಇತ್ತು. ನಾ ನೆನಸಿದ್ದಿಲ್ಲ. ನೀರು ಬಿದ್ದು, ಬಿಸಲಿಗೆ ಕುಗ್ಗಿ ಬಿಗದದ."

ಅವರು ತಿರುಗಿ ನೋಡಿದರು. ಕೈಯಿಂದ ನೀರು ಸೋರುತ್ತಿತ್ತು.

"ಯಾವಾಗಿಂದ ಗೊತ್ತು ನಿನಗ?"

"ಕತ್ತರಿ ಕೇಳಿದ್ರಲ್ಲ, ಅವಾಗಿಂದ."

"ಎರಡು ತಿಂಗಳು," ಎಂದರು. ಧ್ವನಿ ಏರಲಿಲ್ಲ. "ಎರಡು ತಿಂಗಳು ನನ್ನ ಕೈ ನಾ ನೋಡಿಕೋತ ಕುಂತೀನಿ. ದಿನಾ ನನಗ ಊಟಕ್ಕ ಬಡಿಸಿ, ಎದರಿಗೆ ಕುಂತು ನೋಡೀದಿ ನೀ."

ಬಟ್ಟೆಯದು ತಪ್ಪು, ಒಂದು ದಿನದ ಅವಸರದ್ದು. ಈ ಎರಡು ತಿಂಗಳಿನದು ತಪ್ಪು ಎಂದರೆ ಸಾಲದು. ಅವರು ಟವೆಲು ತೆಗೆದುಕೊಳ್ಳದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಅಂದರು: "ಮೆತ್ತಿ ತಗದದ್ದು ನಾನs. ಯಾವನೋ ನಕ್ಕ ಅಂತ." ನನಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಪಕ್ಕದ ಮನೆಯಾಕೆ ಬುತ್ತಿ ತಂದಳು. ಆ ದಿನ ಆಕೆ ಏನೂ ಚೇಷ್ಟೆ ಮಾಡಲಿಲ್ಲ. ಗಂಟು ಬಿಚ್ಚಿ ಇಟ್ಟು ನನ್ನ ಬೆನ್ನ ಮೇಲೆ ಕೈಯಾಡಿಸಿ ಹೋದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಮನೆಯವರು ಒಳಗೆ ಬಂದು ಒಂದು ರೊಟ್ಟಿಯನ್ನು ಮೊಸರಿನಲ್ಲಿ ತಿಂದರು. ಪುಂಡಿಪಲ್ಯವನ್ನು ನನ್ನ ತಾಟಿನ ಕಡೆ ಸರಿಸಿದರು. ಕೆಮ್ಮು ಇರುವುದರಿಂದ ಅವರು ಸಂಜೆ ಹುಳಿ ತಿನ್ನುವುದಿಲ್ಲ, ಅದಕ್ಕೆ ಸರಿಸಿದ್ದಿರಬಹುದು. ನಾನು ಅರ್ಧ ರೊಟ್ಟಿ ತಿಂದೆ. ಅವರು ಮತ್ತೆ ಕಟ್ಟೆಗೆ ಹೋದರು. ಅವರು ಬರುವ ತನಕ ಎಚ್ಚರ ಇರಬೇಕೆಂದು ಗೋಡೆಗೆ ಒರಗಿ ಕುಳಿತಿದ್ದೆ. ಮೊದಲು ನಿದ್ದೆ ಹೋದವಳು ನಾನೇ.