ವಾಲ್ಟರನಿಗೆ ಕಾಪುವಿನಲ್ಲಿ ಒಂದು ಪೂಜೆ

ಕಾಪುವಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದು, ಹನ್ನೊಂದು ವರ್ಷಗಳ ಇಂಗ್ಲೆಂಡಿನ ಅಭ್ಯಾಸದಂತೆ, ಹಾಲಿನ ಬಾಟಲಿ ಎತ್ತಿಕೊಳ್ಳಲು ಬಗ್ಗಿದೆ. ಹೊಸ್ತಿಲಾಚೆ ಒಂದು ಬಂಗುಡೆ ಬಿದ್ದಿತ್ತು. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿತ್ತು. ನಾನು ಚೀರಿದೆ.

"ಎಂತ ಬಾಯೆ?" ಒಳಗಿನ ಮಂಚದಿಂದ ಅತ್ತೆ ಕೇಳಿದರು.

"ಮೀನು, ಮಾಂಯ್! ಮೆಟ್ಟಿಲ ಮೇಲೆ!"

"ಕಾಗೆ ಹಾಕಿದ್ದು. ತಾಜಾ ಉಂಟಾ ನೋಡು."

ಅತ್ತೆಯನ್ನು ನಾವು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತೇವೆ, ಅವರಿಗೆ ನಾನು ಬಾಯೆ, ಅಂದರೆ ಮಗಳೇ. ಅಂದು ಸಾರಿಗೆ ಆ ಬಂಗುಡೆಯೇ ಆಯಿತು.

'ಊರಿಗೆ ಹೋದವಳು ಹೇಗಿದ್ದಾಳೆ, ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಬರೆಯಲಿ' ಎಂದು ನೀವೆಲ್ಲ ಹೇಳಿ ಕಳಿಸಿದ್ದೀರಿ. ನನ್ನ ಊರು ಅಜೆಕಾರು. ಓದಿದ್ದು ಕಾರ್ಕಳದಲ್ಲಿ, ಸಿಸ್ಟರುಗಳ ಬೋರ್ಡಿಂಗಿನಲ್ಲಿ. ಕಾಪು ನನ್ನ ಗಂಡ ಲಾರೆನ್ಸನ ಊರು. ಎಪ್ಪತ್ತಮೂರರಲ್ಲಿ ಮದುವೆಯಾಗಿ ಇಲ್ಲಿ ಹತ್ತೊಂಬತ್ತು ದಿನ ಇದ್ದು, ನೇರ ಇಂಗ್ಲೆಂಡಿನ ನಿಮ್ಮ ಪಟ್ಟಣಕ್ಕೆ ಬಂದವಳು ನಾನು. ಉಪ್ಪು ಗಾಳಿಗೆ ಬೀಗ ತುಕ್ಕು ಹಿಡಿಯುತ್ತದೆ, ಬಟ್ಟೆ ಒಣಗಿದರೂ ಅಂಟಂಟಾಗಿರುತ್ತದೆ, ಸಮುದ್ರದ ಸದ್ದು ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂಬುದೆಲ್ಲ ನನಗೆ ನಿಮ್ಮಲ್ಲಿಯ ಹಿಮದಷ್ಟೇ ಹೊಸದು.

ಎಂಬತ್ತನಾಲ್ಕರಲ್ಲಿ ಮಾಂಯ್ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಣಿಪಾಲದಲ್ಲಿ ಆಪರೇಶನ್ ಆಯಿತು, ಆದರೆ ಏಳಲಾಗಲಿಲ್ಲ. ನಮಗೆ ಮಕ್ಕಳಿಲ್ಲ. ಹಾಗಾಗಿ ನೋಡಿಕೊಳ್ಳುವವಳು ನಾನೇ ಎಂದು ಯಾರೂ ಹೇಳದೆಯೇ ತೀರ್ಮಾನವಾಯಿತು. ಲಾರೆನ್ಸ್ ಮೂರು ವಾರ ಇದ್ದು ಕೆಲಸಕ್ಕೆ ಹಿಂದಿರುಗಿದರು. "ಆರು ತಿಂಗಳು ಮಾತ್ರ. ಆಮೇಲೆ ಬೊಂಬಾಯಿಯಿಂದ ಅಕ್ಕ ಬರ್ತಾಳೆ" ಎಂದಿದ್ದರು. ಅಕ್ಕನ ಮಕ್ಕಳಿಗೆ ಪರೀಕ್ಷೆ, ಮತ್ತೆ ಅವಳಿಗೇ ಗರ್ಭಕೋಶದ ತೊಂದರೆ, ಮತ್ತೆ ಪರೀಕ್ಷೆ.

ನನ್ನ ಪಾಸ್‌ಪೋರ್ಟಿನ ಮುದ್ರೆಯ ವಿಷಯ ನಿಮಗೆ ಗೊತ್ತೇ ಇದೆ, ನಿಮ್ಮದರಲ್ಲೂ ಅದೇ ಮುದ್ರೆ. ಎರಡು ವರ್ಷದೊಳಗೆ ಮರಳಿದರೆ ನಾನು ಅಲ್ಲಿಯವಳು. ತಪ್ಪಿದರೆ ಮದ್ರಾಸಿನ ವೀಸಾ ಆಫೀಸಿನಲ್ಲಿ ಸಾಲು ನಿಂತು, ಇವಳು ನಿಜವಾಗಿ ಇವನ ಹೆಂಡತಿಯೇ ಎಂಬಲ್ಲಿಂದ ಎಲ್ಲ ಮೊದಲಿನಿಂದ. ಆ ಪಾಸ್‌ಪೋರ್ಟನ್ನು ಲಾರೆನ್ಸ್ ಬಂದ ದಿನವೇ ತಾಯಿಯ ಮರದ ಪೆಟ್ಟಿಗೆಯಲ್ಲಿ, ಅವರ ಮದುವೆಯ ಕೆಂಪು ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ಪೆಟ್ಟಿಗೆಯ ಬೀಗದ ಕೈ ಮಾಂಯ್ ಕೊರಳಲ್ಲಿ, ಯೇಸುಮಾತೆಯ ಪದಕ ಕಟ್ಟಿದ ದಾರದಲ್ಲಿ. ದಿನವೂ ಬಿಸಿನೀರಿನ ಬಟ್ಟೆಯಿಂದ ಅವರ ಮೈ ಒರೆಸುವವಳು ನಾನೇ. ಆ ಕೀಲಿ ಎತ್ತಿ, ಅಡಿಯ ಚರ್ಮ ಒರೆಸಿ, ಪೌಡರ್ ಹಾಕಿ, ಪುನಃ ಅದೇ ಜಾಗದಲ್ಲಿ ಇಡುತ್ತಿದ್ದೆ. ಕೇಳಬಹುದಿತ್ತು. ಆದರೆ ದೊಡ್ಡವರು ತಾವಾಗಿ ಕೊಡದ್ದನ್ನು ಕೇಳಬಾರದೆಂದು ಸಿಸ್ಟರುಗಳು ಕಲಿಸಿದ್ದರು.

ನನಗೆ ಹೊರಗೆಂದರೆ ತಿಂಗಳಿಗೊಮ್ಮೆ ಉಡುಪಿ, ಮದ್ದು ತರಲು. ಬಸ್‌ಸ್ಟ್ಯಾಂಡಿನಲ್ಲಿ ಹಿರಿಯಡ್ಕ ಮಾರ್ಗದ ಬಸ್ಸು ನಿಂತಿರುತ್ತದೆ. "ಕಾರ್ಕಳ, ಕಾರ್ಕಳ! ಬಾಯಮ್ಮ, ಹತ್ತಿ, ಸೀಟುಂಟು!" ಕಂಡಕ್ಟರಿಗೆ ನನ್ನ ಮುಖದಲ್ಲಿ ಏನು ಕಾಣುತ್ತದೋ. ಹತ್ತಿದರೆ ಅಜೆಕಾರಿನ ತಮ್ಮನ ಮನೆಯಲ್ಲಿ ಒಂದು ಲೋಟ ಚಾ ಕುಡಿಯಬಹುದು. ಆದರೆ ನಾಲ್ಕು ಗಂಟೆಗೆ ಮಾಂಯ್‌ಗೆ ಬೆಡ್‌ಪ್ಯಾನ್ ಇಡಬೇಕು.

ನಿಮ್ಮಲ್ಲಿಗೆ ಬಂದ ಹೊಸತರಲ್ಲಿ ಬಸ್ಸಿನ ಕಂಡಕ್ಟರ್ ನನ್ನನ್ನು 'ಲವ್' ಎಂದು ಕರೆದಿದ್ದ. ಕಾನ್ವೆಂಟಿನ ಇಂಗ್ಲಿಷ್ ಕಲಿತವಳಿಗೆ ಕಿವಿ ಬಿಸಿಯಾಗಿ, ಮುಂದಿನ ಸ್ಟಾಪಿನಲ್ಲೇ ಇಳಿದು ಮನೆಯವರೆಗೂ ನಡೆದಿದ್ದೆ. ಪಕ್ಕದ ಮನೆಯ ಜೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನು ವಾರಕ್ಕೆರಡು ಸಂಜೆ ನನ್ನ ಜತೆ ಟೀವಿ ಎದುರು ಕೂತುಕೋ, ಎಲ್ಲ ಗೊತ್ತಾಗುತ್ತದೆ" ಎಂದಳು. ಹಾಗೆ ಶುರುವಾಯಿತು ನಾನು ಧಾರಾವಾಹಿ ನೋಡುವುದು. ಒಂದೇ ಬೀದಿ, ಅದೇ ಮನೆಗಳು, ನಾನು ಹೋಗುವ ಎಷ್ಟೋ ವರ್ಷಗಳ ಮೊದಲೇ ಆರಂಭವಾಗಿದ್ದ ಜಗಳಗಳು. ಅದರಲ್ಲಿನ ಮೀನು-ಚಿಪ್ಸ್ ಅಂಗಡಿಯ ಗ್ವೆನ್ ಗಿರಾಕಿಗಳಿಗೆಲ್ಲ 'ಲವ್' ಎನ್ನುವುದನ್ನು ಕೇಳಿಯೇ ನನ್ನ ನಾಚಿಕೆ ಹೋದದ್ದು. ಹೊರಡುವ ದಿನ ಜೀನ್ ಹಳೆಯ ಕಂತುಗಳು ತುಂಬಿದ ನಾಲ್ಕು ಕ್ಯಾಸೆಟ್ ನನ್ನ ಚೀಲಕ್ಕೆ ತುರುಕಿದಳು.

ಮಾಂಯ್‌ಗೆ ಪ್ರಾರ್ಥನೆಯ ಕ್ಯಾಸೆಟ್ ತೋರಿಸಲೆಂದು ಲಾರೆನ್ಸ್ ತಂದಿದ್ದ ವಿಸಿಆರ್ ಇತ್ತು. ಪ್ಲಗ್ ಇದ್ದದ್ದು ಚಾವಡಿಯ ಒಂದೇ ಗೋಡೆಯಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ. ಟೀವಿ ಅಲ್ಲೇ ಕೂತಿತು, ಮಂಚವೂ ಅದರೆದುರು ಬಂತು. ಕಡಲ ಗಾಳಿಗೆ ಟೇಪಿಗೆ ಬಿಳಿ ಬೂಷ್ಟು ಬರುತ್ತದೆ. ಅದಕ್ಕೆ ಕ್ಯಾಸೆಟ್ಟುಗಳನ್ನು ಕುಚ್ಚಲಕ್ಕಿಯ ಡಬ್ಬದಲ್ಲಿ ಹುಗಿದಿಡುತ್ತಿದ್ದೆ. ಊಟವಾದ ಮೇಲೆ ಕರೆಂಟಿದ್ದರೆ ಒಂದನ್ನು ಹೊರತೆಗೆದು, ಅಕ್ಕಿ ಕೊಡವಿ, ಹಾಕುವುದು. ಯಾರ ಬಾಯಿಂದ ಯಾವ ಮಾತು ಬರುತ್ತದೆ, ಯಾರ ಪರದೆ ಯಾವಾಗ ಅಲುಗುತ್ತದೆ, ಎಲ್ಲ ಬಾಯಿಪಾಠವಾಯಿತು. ಮಾಂಯ್ ಶುರುವಿನ ಸಂಗೀತಕ್ಕೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಕೊಂಕಣಿಯಲ್ಲಿ ಕತೆ ಹೇಳುತ್ತಿದ್ದೆ.

ಮೂರನೇ ಕ್ಯಾಸೆಟ್ಟಿನಲ್ಲಿ ಗ್ವೆನ್‌ಳ ಗಂಡ, ಬಸ್ ಡ್ರೈವರ್ ವಾಲ್ಟರ್ ಸಾಯುತ್ತಾನೆ. ಅವಳು ಮಣ್ಣುಮಾಡಿ ಬಂದು, ಕೋಟು ತೆಗೆಯದೆ, ಚಾಕ್ಕೆ ಎರಡು ಕಪ್ಪು ಇಡುತ್ತಾಳೆ. ಒಂದನ್ನು ತೆಗೆದು ಪುನಃ ಕೊಕ್ಕೆಗೆ ನೇತು ಹಾಕುತ್ತಾಳೆ. ಅಷ್ಟೇ. ಅಲ್ಲಿಗೆ ಬಂದಾಗೆಲ್ಲ ನನಗೆ ಅಳು ತಡೆಯಲಾಗುತ್ತಿರಲಿಲ್ಲ.

"ಕೊನೆಗಾಲಕ್ಕೆ ಪಾದ್ರಿ ಬಂದಿದ್ರಾ?" ಮಾಂಯ್ ಕೇಳಿದರು.

"ಅವರು ಪ್ರೊಟೆಸ್ಟೆಂಟರು, ಮಾಂಯ್."

"ಅಯ್ಯೊ ಪಾಪ! ನಾಳೆ ಪುನಃ ಸಾಯ್ತಾನಾ?"

"ನಾಳೆ ಒಂದನೇದು ಹಾಕ್ತೇನೆ. ಅದರಲ್ಲಿ ಬದುಕಿದ್ದಾನೆ."

ಈ ವರ್ಷ, ಎಂಬತ್ತಾರರ ಜನವರಿಯಲ್ಲಿ, ತಿಂಗಳ ಮೊದಲ ಶುಕ್ರವಾರ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಪಾದ್ರಿಗಳು ಬಂದರು. ನಾನು ಕಾಫಿ ಮಾಡಲು ಒಳಗೆ ಹೋದೆ. ಆ ಭಾನುವಾರ ಇಗರ್ಜಿಯಲ್ಲಿ, ಪೂಜೆಯ ಆರಂಭಕ್ಕೆ, ಪಾದ್ರಿಗಳು ಚೀಟಿ ನೋಡಿ ಓದಿದರು: "ಇಂದಿನ ಬಲಿಪೂಜೆ ಇಂಗ್ಲೆಂಡಿನಲ್ಲಿ ನಿಧನರಾದ ವಾಲ್ಟರ್ ಎಂಬವರ ಆತ್ಮಶಾಂತಿಗಾಗಿ. ಕೋರಿದವರು..." ನಮ್ಮ ಮನೆತನದ ಹೆಸರು. ನನ್ನ ಕೈಯಿಂದ ಜಪಮಾಲೆ ಜಾರಿ ಬೆಂಚಿನಡಿ ಬಿತ್ತು.

ಮೆಟ್ಟಿಲಿಳಿಯುವಷ್ಟರಲ್ಲಿ ನಮ್ಮ ವಾಳೆಯ, ಅಂದರೆ ಇಗರ್ಜಿಯ ನಮ್ಮ ವಾರ್ಡಿನ, ಸೆವ್ರಿನ್ ಬಾಯಿ ನನ್ನನ್ನು ತಡೆದು ನಿಲ್ಲಿಸಿದರು. "ಎಂತ ಮಾರಾಯ್ತಿ, ಹೇಳ್ಲೇ ಇಲ್ಲ! ಲಾರೆನ್ಸನ ಸಾಹೇಬರಾ?"

"ಅಲ್ಲ... ಪರಿಚಯದವರು."

"ಎಂತ ಆದದ್ದು?"

"ಹಾರ್ಟ್" ಎಂದೆ. ಅದಂತೂ ನಿಜ, ಎರಡನೇ ಕ್ಯಾಸೆಟ್ಟಿನಿಂದಲೇ ಅವನು ಎದೆ ಒತ್ತಿಕೊಳ್ಳುತ್ತಿದ್ದ.

ಮಧ್ಯಾಹ್ನ ಬಾಳೆಹಣ್ಣು, ಬಿಸ್ಕತ್ತು ಹಿಡಿದುಕೊಂಡು ಮೂರು ಮನೆಯವರು ಬಂದರು. ವಾಲ್ಟರನಿಗೆ ಮಕ್ಕಳೆಷ್ಟು, ವಿಧವೆ ಈಗ ಯಾರ ಜತೆ ಇದ್ದಾಳೆ ಎಂದೆಲ್ಲ ಕೇಳಿದರು. ಮಾಂಯ್ ದಿಂಬಿಗೊರಗಿ ಗಂಭೀರವಾಗಿ, "ಒಳ್ಳೆ ಜನ. ಮೀನಿನ ವ್ಯಾಪಾರ" ಎಂದರು. ನಾನು ಅಡುಗೆಮನೆಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಗುತ್ತಾ ಭಯವಾಯಿತು, ಪಾಪನಿವೇದನೆಯಲ್ಲಿ ಇದನ್ನು ಯಾವ ಪಾಪವೆಂದು ಹೇಳುವುದು?

ಎಲ್ಲರೂ ಹೋದ ಮೇಲೆ ಮಂಚದ ಬದಿಗೆ ಕುಳಿತು ಮೆಲ್ಲಗೆ ಹೇಳಿದೆ. "ಮಾಂಯ್, ವಾಲ್ಟರ್ ನಿಜವಾಗಿ ಸತ್ತಿಲ್ಲ. ಅವರೆಲ್ಲ ನಾಟಕದವರು."

"ನಾನು ಅಷ್ಟು ಪೆದ್ದಿಯಾ? ಸೋಮವಾರ ಸತ್ತವ ಮಂಗಳವಾರ ಬಸ್ಸು ಬಿಡ್ತಾನೆ!"

"ಮತ್ತೆ ಪೂಜೆ ಯಾಕೆ ಹೇಳಿಸಿದ್ರಿ?"

ಅವರು ಹೊದಿಕೆಯ ನೂಲೊಂದನ್ನು ಎಳೆದರು. "ನನ್ನ ಹೇಲು ಬಾಚುವಾಗ ನೀನು ಅಳ್ಲಿಲ್ಲ. ಲಾರೆನ್ಸ್ ಹೋಗುವಾಗ ಅಳ್ಲಿಲ್ಲ. ಆ ಕಪ್ಪು ನೋಡಿ ಅಳ್ತಿ. ನಿನ್ನ ಹೆಸರಲ್ಲಿ ಪೂಜೆ ಹೇಳಿಸಿದ್ರೆ, ಸೊಸೆಗೆ ಎಂತ ಆಗಿದೆ ಅಂತ ಊರಿಡೀ ಕೇಳ್ತದೆ. ಅದಕ್ಕೆ ಅವನ ಹೆಸರು ಕೊಟ್ಟೆ. ದೇವರಿಗೆ ಗೊತ್ತಾಗ್ತದೆ." ಕೊರಳಿನ ದಾರ ಎತ್ತಿ ತಲೆಯಿಂದ ತೆಗೆಯಲು ನೋಡಿದರು, ಕಿವಿಗೆ ಸಿಕ್ಕಿಕೊಂಡಿತು. "ತೆಗಿ. ನಿನ್ನ ಪಾಸ್‌ಪೋರ್ಟಿನ ತಾರೀಕು ಮಾರ್ಚಿಗೆ ಮುಗೀತದೆ ಅಂತ ಲಾರೆನ್ಸ್ ಹೇಳಿದ್ದ. ಗೊತ್ತಿತ್ತು ನನಗೆ. ಕೊಡ್ಲಿಕ್ಕೆ ಹೆದರಿಕೆ. ಹೋಗು ಬಾಯೆ, ನೆರೆಮನೆ ಸುಂದರಿ ನೋಡಿಕೊಳ್ತಾಳೆ."

ಪಾಸ್‌ಪೋರ್ಟು ಕರ್ಪೂರದ ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಮಾರ್ಚಿನಲ್ಲಿ ಒಂದು ದಿನ ಅದನ್ನು ಚೀಲದಲ್ಲಿಟ್ಟು ಟಿಕೆಟ್ ಮಾಡಿಸಲು ಉಡುಪಿಗೆ ಹೊರಟೆ. ಅಭ್ಯಾಸವಾಗಲೆಂದು ಒಂದು ವಾರದಿಂದ ಮೈ ಒರೆಸುವ ಕೆಲಸವನ್ನು ಸುಂದರಿಗೆ ಬಿಟ್ಟಿದ್ದೆ. ಚಪ್ಪಲಿ ಮೆಟ್ಟುವಾಗ ಒಳಗಿಂದ ಕೇಳಿಸಿತು: "ಅಯ್ಯೊ ಬಾಯಮ್ಮ, ಕೊರಳ ಹತ್ರ ಚರ್ಮ ಎಲ್ಲ ಕೆಂಪು ಉಂಟಲ್ಲ!" ಮಾಂಯ್ ಹೇಳಿದರು, "ಮೆಲ್ಲ ಹೇಳು. ಅವಳು ಇನ್ನೂ ಹೊರಗೇ ಇದ್ದಾಳೆ."

ಉಡುಪಿಯಲ್ಲಿ ಟಿಕೆಟ್ ಆಫೀಸಿನ ಮೆಟ್ಟಿಲ ಕೆಳಗೆ ಅರ್ಧ ಗಂಟೆ ನಿಂತೆ. ಕಾರ್ಕಳದ ಬಸ್ಸು ಕರೆಯಿತು, ಹೋಯಿತು. ಗೋಳಿಬಜೆ ಕಟ್ಟಿಸಿಕೊಂಡು, ನಂಜಿನ ಮುಲಾಮು ಕೊಂಡು, ಕಾಪುವಿನ ಬಸ್ಸು ಹತ್ತಿದೆ.

"ಟಿಕೆಟ್?" ಮಾಂಯ್ ಕೇಳಿದರು.

"ಆಫೀಸು ಮುಚ್ಚಿತ್ತು."

ಅವರು ಮುಲಾಮಿನ ಟ್ಯೂಬನ್ನು ನೋಡಿದರು. ಕಣ್ಣೊರೆಸಿಕೊಂಡದ್ದನ್ನು ನಾನು ಕಾಣದಂತೆ ಮುಖ ಗೋಡೆಗೆ ತಿರುಗಿಸಿದರು.

ಈ ಬರಹ ನಿಮ್ಮ ಕೈ ಸೇರುವಾಗ ನನ್ನ ಮುದ್ರೆಯ ಅವಧಿ ಮುಗಿದಿರುತ್ತದೆ. ಲಾರೆನ್ಸ್ ಕೋಪದ ಒಂದು ಕಾಗದ, ಸಮಾಧಾನದ ಒಂದು ಕಾಗದ ಬರೆದಿದ್ದಾರೆ. ಪೆಟ್ಟಿಗೆಗೆ ಈಗ ಬೀಗವಿಲ್ಲ. ಮೊದಲು ಆ ಕೀಲಿಯ ಮೇಲೆ ಸಿಟ್ಟು ಮಾಡಿಕೊಂಡು ದಿನ ಕಳೆಯುತ್ತಿತ್ತು. ಈಗ ಸಿಟ್ಟು ಮಾಡಲು ಯಾರೂ ಸಿಗುವುದಿಲ್ಲ, ಮಧ್ಯಾಹ್ನಗಳು ಮತ್ತೂ ಉದ್ದವಾಗಿವೆ.

ನಿನ್ನೆ "ಯಾವುದು ಹಾಕಲಿ?" ಎಂದೆ. "ಒಂದನೇದು. ಅವ ಬದುಕಿರ್ಲಿ" ಎಂದರು. ಆ ಕ್ಯಾಸೆಟ್ಟಿನ ಶುರುವಿನಲ್ಲಿ ಜೀನ್ ಅವಸರದಲ್ಲಿ ಹವಾಮಾನದ ವರದಿಯನ್ನೂ ಸೇರಿಸಿಬಿಟ್ಟಿದ್ದಾಳೆ. ನಿಮ್ಮ ಕಡೆ ಮಧ್ಯಾಹ್ನ ಮಳೆ ಎನ್ನುತ್ತಾನೆ ಟೈ ಕಟ್ಟಿದವನು. ಎಷ್ಟು ಸಲ ಕೇಳಿದ್ದೇನೋ. ಆದರೂ ನಾನು ದಡಕ್ಕನೆದ್ದು, ಹಗ್ಗದ ಮೇಲಿನ ಬಟ್ಟೆ ತೆಗೆಯಲು ಬಾಗಿಲ ತನಕ ಹೋಗಿದ್ದೆ.

"ಕೂತ್ಕೊ ಬಾಯೆ," ಎಂದರು ಮಾಂಯ್, "ಇಲ್ಲಿ ಬಿಸಿಲುಂಟು."